ಸಿಂಧನೂರಿಗೆ ವರ್ಗವಾದವರಿಗೆ ನಾಲ್ಕು ಮಾತು

ಬೆಂಗಳೂರಿನ ಅಥವಾ ಮೈಸೂರಿನ ಒಂದು ಮನೆಗೆ ವರ್ಗದ ಆಜ್ಞೆ ಬಂದ ಸಂಜೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಯಜಮಾನರು ಅದನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, ಸುಮ್ಮನೆ ಕುಳಿತುಬಿಡುತ್ತಾರೆ. “ಎಲ್ಲಿಗೆ?” ಎಂದು ಮನೆಯಾಕೆ ಕೇಳುತ್ತಾರೆ. “ಸಿಂಧನೂರು” ಎಂಬ ಉತ್ತರ ಬಂದೊಡನೆ ಒಳಗಿನಿಂದ ಅಜ್ಜಿಯವರು, “ಅದು ನಮ್ಮ ರಾಜ್ಯದಲ್ಲೇ ಇದೆಯೇನಪ್ಪ?” ಎನ್ನುತ್ತಾರೆ. ಮರುದಿನದಿಂದ ಬಂಧುಗಳು ಬರತೊಡಗುತ್ತಾರೆ. ಒಬ್ಬರು ಅಲ್ಲಿಯ ಬಿಸಿಲನ್ನು ವರ್ಣಿಸುತ್ತಾರೆ. ಇನ್ನೊಬ್ಬರು ಚೇಳುಗಳನ್ನು ವರ್ಣಿಸುತ್ತಾರೆ. ಮೂರನೆಯವರು ಯಾರನ್ನು ಕಂಡರೆ ವರ್ಗ ರದ್ದಾದೀತೆಂಬುದನ್ನು ಪಿಸುಮಾತಿನಲ್ಲಿ ತಿಳಿಸುತ್ತಾರೆ. ಅವರಲ್ಲಿ ಒಬ್ಬರಾದರೂ ಆ ಊರನ್ನು ಕಣ್ಣಾರೆ ಕಂಡಿರುವುದಿಲ್ಲ.

ಎಂಟು ವರ್ಷಗಳ ಹಿಂದೆ ಈ ದೃಶ್ಯ ನನ್ನ ಮನೆಯಲ್ಲಿಯೇ ನಡೆಯಿತು. ನಾನು ಮಂಡ್ಯ ಸೀಮೆಯವನು. ಕನ್ನಡ ಅಧ್ಯಾಪಕನಾಗಿ ಈ ಭಾಗದ ಒಂದು ಕಾಲೇಜಿಗೆ ಬಂದಾಗ ನನ್ನ ಪೆಟ್ಟಿಗೆಗಳ ಪೈಕಿ ಎರಡನ್ನು ಹಗ್ಗ ಬಿಚ್ಚದೆ ಹಾಗೆಯೇ ಅಟ್ಟದ ಮೇಲಿರಿಸಿದೆ. ಹೇಗೂ ವರ್ಷದೊಳಗೆ ಹಿಂದಿರುಗುವವನು, ಬಿಚ್ಚಿ ಮತ್ತೆ ಕಟ್ಟುವ ಶ್ರಮವೇಕೆಂಬುದು ನನ್ನ ಜಾಣತನವಾಗಿದ್ದಿತು. ಆ ಜಾಣತನದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಕೊನೆಯಲ್ಲಿ ಹೇಳುವೆನು. ಅದಕ್ಕೆ ಮೊದಲು, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗೆ ಹೊಸದಾಗಿ ಬರುವ ಅಧ್ಯಾಪಕರು, ಬ್ಯಾಂಕಿನವರು, ವೈದ್ಯರು, ಎಂಜಿನಿಯರರು ಮತ್ತು ಅವರ ಮನೆಮಂದಿಗೆ ಉಪಯೋಗವಾದೀತೆಂದು ನಾನು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಸೀಮೆ ಇದು?

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನೆಲಕ್ಕೆ ಚರಿತ್ರೆಯಲ್ಲಿ ರಾಯಚೂರು ದೋಆಬ್ ಎಂದು ಹೆಸರು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಇದಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದರು. ನಾನು ಹೇಳುತ್ತಿರುವ ಮೂರು ಊರುಗಳೂ ಈ ನೆಲದೊಳಗೆ, ಒಂದೇ ಹೆದ್ದಾರಿಯ ಮೇಲೆ, ಮಣಿ ಪೋಣಿಸಿದಂತೆ ಇವೆ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಬಂದರೆ ಮೊದಲು ಸಿಂಧನೂರು, ಅನಂತರ ಮಸ್ಕಿ, ಆಮೇಲೆ ಲಿಂಗಸುಗೂರು. ಬೆಂಗಳೂರಿಗೂ ಸಿಂಧನೂರಿಗೂ ಸುಮಾರು ೪೦೦ ಕಿಲೋಮೀಟರು. ೨೦೨೪ರಲ್ಲಿ ಹುಬ್ಬಳ್ಳಿಯ ಕಡೆಯಿಂದ ಸಿಂಧನೂರಿಗೆ ರೈಲು ಬಂದುದರಿಂದ, ರೈಲಿಲ್ಲದ ಊರೆಂಬ ಹಳೆಯ ದೂರು ತೀರಿತು.

ಮೂರೂ ಊರುಗಳನ್ನು ಒಂದೇ ಎಂದು ತಿಳಿಯಬಾರದು. ಸಿಂಧನೂರು ಭತ್ತದ ಊರು. ಅಕ್ಕಿ ಗಿರಣಿಗಳೂ ಟ್ರ್ಯಾಕ್ಟರ್ ಅಂಗಡಿಗಳೂ ಇಲ್ಲಿಯ ರಸ್ತೆಗಳ ಚೆಲುವು. ಬೆಂಗಳೂರಿನಲ್ಲಿ ನೀವು ಚೀಲ ತರಿಸಿ ಉಣ್ಣುವ ಸೋನಾ ಮಸೂರಿ ಇಲ್ಲಿಯದೇ ಇದ್ದೀತು. ಹಾಗಾದರೆ ನೀವು ಈ ಊರಿಗೆ ಬರುವ ಮೊದಲೇ ಇಲ್ಲಿಯ ಅನ್ನ ಉಂಡಿದ್ದೀರಿ. ಲಿಂಗಸುಗೂರು ಹಿಂದೆ ದಂಡಿನ ಛಾವಣಿಯಿದ್ದ ಊರು. ನಿಜಾಮರ ಆಡಳಿತದಲ್ಲಿ ೧೯೦೫ರವರೆಗೆ ಒಂದು ಜಿಲ್ಲೆಯ ಕೇಂದ್ರವೂ ಆಗಿದ್ದಿತು. ಅದೇ ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ, ಮುದಗಲ್ಲಿನ ಕೋಟೆ ಇದೆ, ಕೃಷ್ಣೆಯ ನಡುವೆ ಜಲದುರ್ಗವಿದೆ. ನಡುವಿನ ಮಸ್ಕಿ ಇತ್ತೀಚೆಗೆ ತಾಲೂಕಾದ ಸಣ್ಣ ಊರು. ಆದರೆ ಅದರ ಗುಡ್ಡದ ಬಂಡೆಯೊಂದರ ಕೀರ್ತಿ ಲೋಕವನ್ನೇ ಸುತ್ತಿದೆ. ಅದನ್ನು ಮುಂದೆ ಹೇಳುವೆನು.

ಮೊದಲು ಮಾತು

ಕನ್ನಡ ಎಂ.ಎ. ಮಾಡಿದವನಿಗೆ ಕನ್ನಡ ನಾಡಿನಲ್ಲಿ ಮಾತಿನ ತೊಂದರೆಯೇ ಎಂದು ನೀವು ನಗಬಹುದು. ಬಂದ ಮೂರನೆಯ ದಿನ ಕಿರಾಣಿ ಅಂಗಡಿಯಲ್ಲಿ ನಾನು ಕಡಲೆಬೀಜ ಕೇಳಿದೆ. ಅಂಗಡಿಯವರು ಕಡಲೆಕಾಳನ್ನು ತೂಗಿ ಕೊಟ್ಟರು. “ಇದಲ್ಲ, ಕಡಲೆಕಾಯಿ ಸುಲಿದರೆ ಬರುತ್ತದಲ್ಲ, ಅದು” ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಶೇಂಗಾ ಅನ್ರೆಲಾ ಸರ್ರ!” ಎಂದು ನಕ್ಕರು. ನನ್ನ ಪದವಿ ಆ ತಕ್ಕಡಿಯಲ್ಲಿ ಬಹಳ ಹಗುರವಾಯಿತು.

ಆದುದರಿಂದ ಬರುವ ಮೊದಲು ಹತ್ತಾರು ಮಾತುಗಳನ್ನು ಕಲಿತಿರುವುದು ಒಳ್ಳೆಯದು. ಶಾಲೆಗೆ ಸಾಲಿ, ಆಸ್ಪತ್ರೆಗೆ ದವಾಖಾನಿ, ಹಣಕ್ಕೆ ರೊಕ್ಕ, ಸಂಬಳಕ್ಕೆ ಪಗಾರ, ಬಟ್ಟೆಗೆ ಅರಿವಿ, ಕೊಠಡಿಗೆ ಖೋಲಿ, ಬೆಳಗಿನ ತಿಂಡಿಗೆ ನಾಷ್ಟಾ. ಬೇಗ ಎಂಬುದು ಲಗೂನ. ಚೆನ್ನಾಗಿದೆ ಎಂಬುದು ಚಲೋ ಐತಿ. ನಿಜ ಎಂಬುದು ಖರೆ. ಈ ಪದಗಳಲ್ಲಿ ಕೆಲವು ನಿಜಾಮರ ಕಾಲದ ಕಚೇರಿ, ಬಜಾರುಗಳಿಂದ ಬಂದವು. ಇನ್ನು ಕೆಲವು ನಮ್ಮ ಹಳೆಯ ಕನ್ನಡವೇ. ಅರಿವೆ ಎಂಬ ಪದ ಹಳಗನ್ನಡ ಓದುವವರಿಗೆ ಹೊಸದಲ್ಲ. ‘ಒಲ್ಲೆ’ ಎಂಬುದನ್ನು ನಾವು ಪುಸ್ತಕದಲ್ಲಿ ಓದಿ ಅರ್ಥ ಬರೆಸುತ್ತೇವೆ. ಇಲ್ಲಿ ಎರಡು ವರ್ಷದ ಮಗು ಹಾಲಿನ ಲೋಟವನ್ನು ತಳ್ಳುತ್ತ ಅದನ್ನೇ ಹೇಳುತ್ತದೆ. ಮೊದಲ ವರ್ಷ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇಂಥ ಪದಗಳಿಗೆಲ್ಲ ಕೆಂಪು ಗೆರೆ ಎಳೆದವನು ನಾನು. ಆ ಕೆಂಪು ಮಸಿಯನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ.

ಇನ್ನು ಮರ್ಯಾದೆಯ ಮಾತು. ‘ರೀ’ ಎಂಬ ಒಂದಕ್ಷರವನ್ನು ಮರೆಯದಿದ್ದರೆ ಅರ್ಧ ಕೆಲಸ ಆದಂತೆಯೇ. ಬರ್ರಿ, ಕುಂದರ್ರಿ, ಹೌದ್ರಿ, ಇಲ್ರಿ. ತರಕಾರಿಯವಳೊಡನೆಯೂ ತಹಶೀಲ್ದಾರರೊಡನೆಯೂ ಇದು ಸಲ್ಲುತ್ತದೆ. ಆದರೆ ಹಿರಿಯ ಹೆಂಗಸೊಬ್ಬಳು ನಿಮ್ಮನ್ನು ಏಕವಚನದಲ್ಲಿ ಕರೆದು “ಯಪ್ಪಾ” ಎಂದರೆ ಸಿಟ್ಟಾಗಬಾರದು. ಅದು ತಾಯಿ ಮಗನನ್ನು ತಂದೆಯೆಂದು ಕರೆಯುವ ಅಕ್ಕರೆ. ನಿಮ್ಮ ಪುಟ್ಟ ಮಗಳನ್ನು “ಯವ್ವಾ” ಎಂದು ಕರೆದಾರು, ಅದೂ ಹಾಗೆಯೇ. ಅಧ್ಯಾಪಕಿಯರು ಇಲ್ಲಿ ಅಕ್ಕೋರು. ನಿಮ್ಮ ಮಕ್ಕಳು ಆರು ತಿಂಗಳಲ್ಲಿ ಈ ಊರಿನ ಮಾತನ್ನು ಕಲಿತು ಮನೆಗೆ ತರುವರು. ದಯವಿಟ್ಟು ತಿದ್ದಬೇಡಿ. ಊರಿನೊಳಗೆ ಅವರು ನಿಮಗಿಂತ ಮೊದಲು ಹೋಗಿರುವರೆಂದು ತಿಳಿಯಿರಿ.

ಮನೆ, ನೀರು, ಬಿಸಿಲು

ಬಾಡಿಗೆ ಮನೆ ಹುಡುಕುವಾಗ ಬೆಂಗಳೂರಿನಲ್ಲಿ ನಾವು ಗಾಳಿ ಬೆಳಕು ನೋಡುತ್ತೇವೆ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಹಿಡಿದಿಡಲು ತೊಟ್ಟಿ ಎಷ್ಟು ದೊಡ್ಡದು ಎಂಬುದು. ಸಿಂಧನೂರಿನ ಕುಡಿಯುವ ನೀರಿಗೆ ಕಾಲುವೆಯೇ ಆಧಾರ. ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಂಡು, ಅದು ನಿಂತಾಗ ಅದನ್ನೇ ಹಂಚುತ್ತಾರೆ. ಬೇಸಗೆಯಲ್ಲಿ ಸರದಿಯ ಅಂತರ ಹೆಚ್ಚುತ್ತದೆ. ಆದುದರಿಂದ ನೆಲದ ತೊಟ್ಟಿ ಇರುವ ಮನೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ರಾಯಚೂರು ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿದೆ. ಅದು ಮಕ್ಕಳ ಹಲ್ಲುಗಳಲ್ಲಿ ಕಲೆಯಾಗಿ ಮೊದಲು ಕಾಣಿಸಿಕೊಂಡು, ವರ್ಷಗಳು ಕಳೆದಂತೆ ಮೂಳೆಗಳನ್ನೂ ಕೆಡಿಸುತ್ತದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕೊಡ ತುಂಬಿಸಿಕೊಳ್ಳುವುದೇ ಸರಿ.

ಬಿಸಿಲು ಏಪ್ರಿಲ್ ಮೇ ತಿಂಗಳುಗಳಲ್ಲಿ ೪೦ ಡಿಗ್ರಿ ದಾಟುತ್ತದೆ. ಅದರೊಡನೆ ಜಗಳವಾಡಿ ಗೆದ್ದವರಿಲ್ಲ. ಪೇಟೆಯ ಕೆಲಸವನ್ನು ಬೆಳಗಿನ ಹತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಇಟ್ಟುಕೊಳ್ಳಬೇಕು. ತಲೆಗೆ ಟವೆಲು ಸುತ್ತಿಕೊಳ್ಳಲು ಸಂಕೋಚ ಪಡಬಾರದು. ಮಜ್ಜಿಗೆ ಸದಾ ಸಿದ್ಧವಿರಬೇಕು. ಮಹಡಿಯ ಮೇಲಿನ ಮನೆ ನೋಟಕ್ಕೆ ಚೆಂದ. ಮೇ ತಿಂಗಳಲ್ಲಿ ಅದೇ ರೊಟ್ಟಿಯ ಹಂಚು. ಕೆಳಗಿನ ಮನೆಯನ್ನೇ ಹಿಡಿಯಿರಿ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಅಂಟಿದರೆ ಚಪ್ಪಲಿಯ ತೂಕ ಮೂರು ಪಟ್ಟಾಗುತ್ತದೆ. ಗದ್ದೆಗಳಲ್ಲಿ ನೀರು ನಿಂತಿರುವ ಕಾಲದಲ್ಲಿ ಸೊಳ್ಳೆಪರದೆ ಇಲ್ಲದೆ ಮಲಗಬಾರದು.

ಚೇಳಿನ ವಿಷಯದಲ್ಲಿ ಬಂಧುಗಳು ಪೂರ್ತಿ ಸುಳ್ಳು ಹೇಳಿರುವುದಿಲ್ಲ. ಬೂಟುಗಳನ್ನು ಕೊಡವಿ ಹಾಕಿಕೊಳ್ಳುವುದು, ಕಟ್ಟಿಗೆ, ಕಲ್ಲುಗಳ ರಾಶಿಗೆ ಕೈ ಹಾಕದಿರುವುದು, ಕತ್ತಲಲ್ಲಿ ದೀಪವಿಲ್ಲದೆ ಅಂಗಳಕ್ಕೆ ಇಳಿಯದಿರುವುದು, ಇಷ್ಟು ಅಭ್ಯಾಸವಾದರೆ ಸಾಕು. ಚೇಳಾಗಲಿ ಹಾವಾಗಲಿ ಕಚ್ಚಿದರೆ, ಕಚ್ಚಿದ ಜಾಗವನ್ನು ಕುಯ್ಯದೆ, ಬಿಗಿಯಾಗಿ ಕಟ್ಟದೆ, ನೇರವಾಗಿ ಸರಕಾರಿ ದವಾಖಾನೆಗೆ ಒಯ್ಯಬೇಕು.

ರೊಟ್ಟಿಯ ಸಂಗಡ

ಅನ್ನದ ನಾಡಿನ ನಡುವೆಯೂ ಊಟದ ಯಜಮಾನಿಕೆ ಜೋಳದ ರೊಟ್ಟಿಯದೇ. ಮುದ್ದೆ ಉಂಡು ಬೆಳೆದ ನನಗೆ ಮೊದಮೊದಲು ಇದು ಒಗ್ಗಲಿಲ್ಲ. ಬಿಸಿರೊಟ್ಟಿಗೆ ಪುಂಡಿಪಲ್ಯ ಇಲ್ಲವೆ ಎಣ್ಣೆ ಬದನೆಕಾಯಿ, ಪಕ್ಕಕ್ಕೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೇಲೆ ಗಟ್ಟಿ ಮೊಸರು. ಈ ಕ್ರಮವನ್ನು ಒಬ್ಬರು ಕೂರಿಸಿ ಕಲಿಸಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ರೊಟ್ಟಿ ಬಡಿಯಲು ಬಾರದವರು ಹೆದರಬೇಕಿಲ್ಲ. ರೊಟ್ಟಿ ಬಡಿದು ಮಾರುವ ಹೆಂಗಸರು ಉಂಟು; ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನಾಷ್ಟಾಕ್ಕೆ ಮಂಡಾಳ ಒಗ್ಗರಣೆ, ಜತೆಗೆ ಮಿರ್ಚಿ ಭಜಿ. ಮೊದಲ ದಿನ ಮಿರ್ಚಿಯನ್ನು ಅರ್ಧಕ್ಕೇ ನಿಲ್ಲಿಸುವುದು ಕ್ಷೇಮ.

ಒಂದು ಎಚ್ಚರಿಕೆ ಉಂಟು. ಯಾರ ಮನೆಗೆ ಹೋದರೂ ಏನನ್ನೂ ಮುಟ್ಟದೆ ಎದ್ದು ಬರಬಾರದು. ಊಟ ಬೇಡವಾದರೆ ಚಹಾ ಕುಡಿಯಿರಿ; ಚಹಾ ಬೇಡವಾದರೆ ನೀರನ್ನಾದರೂ ಕುಡಿಯಿರಿ. ‘ತೊಂದರೆ ಬೇಡ’ ಎಂದು ನಾವು ಸೌಜನ್ಯಕ್ಕಾಗಿ ಹೇಳುವ ಮಾತು ಇಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಇದು ನನಗೆ ತಿಳಿದದ್ದು ಒಂದು ಕೊಡ ನೀರಿನಿಂದ.

ಬಂದ ಮೊದಲ ಬೇಸಗೆ. ನೀರಿನ ಸರದಿ ತಪ್ಪಿ ಎರಡು ದಿನವಾಗಿದ್ದಿತು. ತೊಟ್ಟಿ ಬರಿದು. ಮಗಳಿಗೆ ಆಗ ಒಂಬತ್ತು ತಿಂಗಳು, ಮೈಯಲ್ಲಿ ಜ್ವರ ಬೇರೆ. ಪಕ್ಕದಲ್ಲಿಯೇ ಮನೆಯ ಒಡೆಯರ ವಾಸ. ಅವರ ತೊಟ್ಟಿ ನಮ್ಮದರ ಎರಡರಷ್ಟು. ಆದರೂ ಹೊಸಬರು, ಕೇಳುವುದು ಹೇಗೆಂದು ನಾವು ಸುಮ್ಮನಿದ್ದೆವು. ನಾನು ಬಿಸಿಲಿನಲ್ಲಿ ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಮೂರು ಬೀದಿ ಅಲೆದು ಒಂದು ಡಬ್ಬ ನೀರು ತಂದೆ. ಆ ಸಂಜೆ ಒಡೆಯರ ತಾಯಿ, ಓಣಿಗೆಲ್ಲ ದೊಡ್ಡವ್ವನಾದವರು, ನಮ್ಮ ಬಾಗಿಲಲ್ಲಿ ನಿಂತಿದ್ದರು. ಮುಖ ಗಂಟಿಕ್ಕಿದ್ದಿತು.

“ಯವ್ವಾ, ನೀರ ಇಲ್ಲಂದ್ರ ಕೇಳಬಾರದೇನ?” ಎಂದು ನನ್ನ ಹೆಂಡತಿಯನ್ನು ಕೇಳಿದರು.

“ನಿಮಗೆ ಯಾಕೆ ತೊಂದರೆ ಅಂತ, ಅಮ್ಮ...”

“ತೊಂದ್ರಿ ಎಂಥಾದ್ದು? ಇವತ್ತು ನೀ ಕೇಳಲಿಲ್ಲಂದ್ರ, ನಾಳೆ ನಾ ನಿಮ್ಮನಿಗೆ ಹೆಂಗ ಬರ್ಲಿ?”

ಇಷ್ಟು ಹೇಳಿ, ಮಗುವನ್ನು ಎತ್ತಿಕೊಂಡು ತಮ್ಮ ಮನೆಗೆ ನಡೆದರು. ಹಿಂದೆಯೇ ಅವರ ಮೊಮ್ಮಗ ನಾಲ್ಕು ಕೊಡ ನೀರು ತಂದು ಸುರಿದನು. ಮಗುವಿನ ಜ್ವರ ಎರಡು ದಿನಕ್ಕೆ ಇಳಿಯಿತು. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಯಾರಿಗೂ ತೊಂದರೆ ಕೊಡದೆ, ಯಾರ ಋಣವೂ ಇಲ್ಲದೆ ಬಾಳುವುದನ್ನು ಪಟ್ಟಣದ ನಾವು ಸಭ್ಯತೆ ಎಂದು ತಿಳಿದಿದ್ದೇವೆ. ದೊಡ್ಡವ್ವನ ಲೆಕ್ಕದಲ್ಲಿ ಅದು ಬಾಗಿಲು ಮುಚ್ಚುವ ಕೆಲಸ. ಕೇಳದವನು ಕೊಡಲಾರನೆಂದು ಅರ್ಥ. ಮರುವಾರ ಅವರು ತಮ್ಮ ಪಿಂಚಣಿಯ ಕಾಗದವನ್ನು ಓದಿಸಿಕೊಳ್ಳಲು ನಮ್ಮ ಮನೆಗೆ ಬಂದರು. ಆಗ ನಾವು ಆ ಓಣಿಯವರಾದೆವು.

ಕಾಲುವೆಯ ಪಂಚಾಂಗ

ಇಲ್ಲಿಯ ವರ್ಷ ಯುಗಾದಿಯಿಂದ ಆರಂಭವಾದರೂ ಬದುಕು ಆರಂಭವಾಗುವುದು ಕಾಲುವೆಗೆ ನೀರು ಬಿಟ್ಟ ದಿನ. ೧೯೪೫ರಲ್ಲಿ ಆಗಿನ ಮದರಾಸು ಮತ್ತು ಹೈದರಾಬಾದು ಸರಕಾರಗಳು ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆ ಸುಮಾರು ೨೨೭ ಕಿಲೋಮೀಟರು ಹರಿದು ಈ ಸೀಮೆಗೆ ನೀರುಣಿಸುತ್ತದೆ. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಎರೆಭೂಮಿ ಹಿಂದೆ ಜೋಳ ಹತ್ತಿಗಳ ನೆಲವಾಗಿದ್ದಿತು. ಕಾಲುವೆಯ ಯೋಜನೆಯಲ್ಲಿಯೂ ಹೆಚ್ಚು ನೀರು ಬೇಡದ ಬೆಳೆಗಳಿಗೇ ಪ್ರಾಧಾನ್ಯವಿದ್ದಿತು. ಆದರೆ ನೀರು ಕಂಡ ಕಣ್ಣಿಗೆ ಭತ್ತವೇ ಹಿಡಿಸಿತು. ಮೇಲಿನವರು ಭತ್ತ ಬೆಳೆದರು. ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಇಂದಿಗೂ ಗೋಳಿಡುತ್ತಾರೆ. ಲಿಂಗಸುಗೂರಿನ ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಅದರಿಂದ ತಮ್ಮ ಹೊಲಗಳಿಗೂ ೫ಎ ಕಾಲುವೆ ಬರಬೇಕೆಂದು ಮಸ್ಕಿಯ ಭಾಗದ ರೈತರು ೨೦೨೦ರಲ್ಲಿ ದೀರ್ಘ ಧರಣಿಗೆ ಕುಳಿತರು.

ಪಗಾರದ ಮೇಲೆ ಬದುಕುವ ನಮಗೆ ಇದೆಲ್ಲ ಏಕೆಂದು ಕೇಳಬೇಡಿ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ತೂಬುಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ವ್ಯರ್ಥವಾಗಿ ನದಿಗೆ ಹರಿಯುತ್ತಿದ್ದ ಆ ವಾರ ಸಿಂಧನೂರಿನಲ್ಲಿ ಯಾರೂ ಬೇರೆ ಮಾತನ್ನಾಡಲಿಲ್ಲ. ಅಂಗಡಿಗಳಲ್ಲಿ ಉದ್ರಿ ನಿಂತಿತು. ನನ್ನ ತರಗತಿಯ ಹುಡುಗರು ಪಾಠ ಕೇಳುತ್ತಿದ್ದರೂ ಕಿವಿ ಹೊಸಪೇಟೆಯ ಕಡೆಗಿದ್ದಿತು. ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದ ಸುದ್ದಿ ವಾರದೊಳಗೆ ಬಂದಾಗ ಪೇಟೆಯಲ್ಲಿ ಮಿಠಾಯಿ ಹಂಚಿದವರನ್ನು ನಾನು ಕಂಡೆ. ಹೊಸಬರು ಇಲ್ಲಿ ಯಾರನ್ನಾದರೂ ಮಾತನಾಡಿಸಬೇಕಾದರೆ “ಡ್ಯಾಮಿನ್ಯಾಗ ನೀರ ಎಷ್ಟೈತ್ರಿ?” ಎಂದು ಕೇಳಿದರೆ ಸಾಕು, ಮುಂದಿನ ಅರ್ಧ ಗಂಟೆಯ ಚಿಂತೆಯಿಲ್ಲ.

ಹಬ್ಬಗಳಿಗೂ ಇದೇ ಕಿವಿಮಾತು, ಕರೆದಾಗ ಹೋಗಬೇಕು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಕುಳಿತು ಉಣ್ಣುವ ಊಟದ ರುಚಿ ಯಾವ ಹೋಟೆಲಿನಲ್ಲಿಯೂ ದೊರೆಯದು. ಬನದ ಹುಣ್ಣಿಮೆಗೆ ಸಿದ್ಧಪರ್ವತದ ಅಂಬಾಮಠದ ಜಾತ್ರೆ. ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ದೇವರನ್ನು ಎತ್ತುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ.

ನಮಗಿಂತ ಮೊದಲು ಬಂದವರು

ಹೊಸಬನೆಂದು ಮರುಗುವವನು ಈ ನೆಲದಲ್ಲಿ ಯಾರು ಹಳಬರೆಂದು ಒಮ್ಮೆ ವಿಚಾರಿಸಬೇಕು. ಸಿಂಧನೂರಿನ ಸುತ್ತ ‘ಕ್ಯಾಂಪು’ ಎಂಬ ಹೆಸರಿನ ಹಳ್ಳಿಗಳು ಎಷ್ಟೋ ಇವೆ. ಕಾಲುವೆ ಬಂದ ಮೇಲೆ ಆಂಧ್ರದ ಡೆಲ್ಟಾ ಸೀಮೆಯಿಂದ ರೈತರು ತಂಡತಂಡವಾಗಿ ಬಂದು, ಎರೆಭೂಮಿಯನ್ನು ಕೊಂಡು, ಮಟ್ಟ ಮಾಡಿ, ಗುಡಿಸಲು ಹಾಕಿಕೊಂಡ ತಾಣಗಳು ಅವು. ಗುಡಿಸಲು ಹೋಗಿ ತಾರಸಿ ಮನೆಗಳೆದ್ದು ಎರಡು ಮೂರು ತಲೆಮಾರು ಕಳೆದರೂ ಹೆಸರು ಮಾತ್ರ ಕ್ಯಾಂಪು. ಮನೆಯೊಳಗೆ ತೆಲುಗು, ಪೇಟೆಯಲ್ಲಿ ಅಪ್ಪಟ ಇಲ್ಲಿಯ ಕನ್ನಡ.

ಅವರಾದರೋ ಕೈಯಲ್ಲಿ ಹಣ ಹಿಡಿದು ಬಂದವರು. ಅವರ ಅನಂತರ ಬಂದವರ ಕೈಯಲ್ಲಿ ಅದೂ ಇರಲಿಲ್ಲ. ಪೂರ್ವ ಪಾಕಿಸ್ತಾನ ಒಡೆದು ಬಾಂಗ್ಲಾದೇಶವಾದ ೧೯೭೧ರ ಆಸುಪಾಸಿನಲ್ಲಿ ನೆಲೆ ತಪ್ಪಿದ ಬಂಗಾಳಿ ಕುಟುಂಬಗಳನ್ನು ಸರಕಾರ ಸಿಂಧನೂರು ತಾಲೂಕಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆಗೊಳಿಸಿತು. ಆರ್.ಎಚ್. ಕ್ಯಾಂಪುಗಳೆಂದು ಅವುಗಳಿಗೆ ಇಲ್ಲಿ ರೂಢಿಯ ಹೆಸರು. ನೀರಿನ ನಾಡಿನಿಂದ, ಮೀನು ಅನ್ನದ ಊಟದಿಂದ, ಈ ಬಿಸಿಲಿಗೆ ಬಂದವರು ಅವರು. ನಮಗೆ ವರ್ಗವಾದರೆ ಪಗಾರವಿದೆ, ರಜೆಯಿದೆ, ಹಿಂದಿರುಗಲು ಮನೆಯಿದೆ. ಅವರಿಗೆ ಹಿಂದಿರುಗಲು ಊರೇ ಇರಲಿಲ್ಲ. ಅಂಥವರು ಅಕ್ಕಪಕ್ಕದ ಹಳ್ಳಿಯವರನ್ನು ಕೇಳಿ ಈ ಮಣ್ಣಿನ ಬೇಸಾಯ ಕಲಿತರು. ಮಕ್ಕಳನ್ನು ಕನ್ನಡ ಸಾಲಿಗೆ ಕಳಿಸಿದರು. ತಮ್ಮ ದುರ್ಗಾಪೂಜೆಯನ್ನೂ ಬಿಡಲಿಲ್ಲ. ಆ ಶಿಬಿರದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಮನೆಯಲ್ಲಿ ಬಂಗಾಳಿ ಮಾತನಾಡುವ ಅವಳ ಕನ್ನಡದಲ್ಲಿ ‘ರೀ’ ಎಲ್ಲಿಯೂ ತಪ್ಪುತ್ತಿರಲಿಲ್ಲ.

ಎಲ್ಲವೂ ಸುಖವಾಗಿ ಮುಗಿಯಿತೆಂದು ಬರೆದರೆ ಸುಳ್ಳಾದೀತು. ಅಲ್ಲಿ ಅನೇಕರು ಪೌರತ್ವದ ಕಾಗದವಿಲ್ಲದೆ ದಶಕಗಳನ್ನು ಕಳೆದರು. ೨೦೧೯ರ ಕಾಯಿದೆಯ ನಿಯಮಗಳು ೨೦೨೪ರಲ್ಲಿ ಹೊರಬಿದ್ದ ಮೇಲೆ ಕೆಲವರಿಗೆ ಅದು ದೊರೆಯಿತು. ಊರು ಒಪ್ಪಿದ ಎಷ್ಟೋ ವರ್ಷಗಳ ಮೇಲೆ ಕಾಗದ ಒಪ್ಪಿತು.

ಇನ್ನೂ ಹಿಂದೆ ಹೋದರೆ ಮಸ್ಕಿಯ ಬಂಡೆ ಸಿಕ್ಕುತ್ತದೆ. ೧೯೧೫ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಅಲ್ಲಿಯ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ಚಕ್ರವರ್ತಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳಿಂದಲೇ ಪರಿಚಿತನಾಗಿದ್ದನು. ಚಕ್ರವರ್ತಿಯ ಶಾಸನಗಳಲ್ಲಿ ‘ಅಶೋಕ’ ಎಂಬ ಹೆಸರು ಮೊದಲು ಕಂಡುದು ಮಸ್ಕಿಯಲ್ಲಿ. ಪ್ರಾಕೃತದ ಆ ಶಾಸನ, ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಿರತನಾದ ಸಾಮಾನ್ಯನಿಗೂ ಉನ್ನತಿ ಸಾಧ್ಯವೆಂದು ಸಾರುತ್ತದೆ. ಹೊರಗಿನ ಅರಸನ ಹೊರಗಿನ ನುಡಿಯನ್ನು ಹೊರಗಿನವನೊಬ್ಬ ಕಂಡುಹಿಡಿದನು. ಅದನ್ನು ಇಷ್ಟು ಕಾಲ ಕಾದುಕೊಂಡಿದ್ದುದು ಈ ಊರಿನ ಗುಡ್ಡ. ಮಸ್ಕಿಗೆ ವರ್ಗವಾದವರು ಮೊದಲ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕು.

ಈ ನೆಲದಿಂದ ಹೊರಗೆ ಹೋದವರ ಕತೆಯೂ ಒಂದುಂಟು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ಹೇಳಿ, ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ನೀರಿಲ್ಲದಾಗ ಕೇಳಬೇಕೆಂದು ದೊಡ್ಡವ್ವ ಹೇಳಿದರು; ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಲಕ್ಕಮ್ಮ ಹೇಳಿದ್ದಾಳೆ. ಹೊಸ ಊರಿನಲ್ಲಿ ಬಾಳಲು ಈ ಇಬ್ಬರ ಮಾತು ಸೇರಿದರೆ ಸಾಕೆಂದು ನನಗೆ ತೋರುತ್ತದೆ.

ಅಟ್ಟದ ಮೇಲಿನ ಪೆಟ್ಟಿಗೆಗಳು

ಈಗ ಆ ಎರಡು ಪೆಟ್ಟಿಗೆಗಳ ವಿಷಯ. ಎರಡನೆಯ ವರ್ಷದ ಒಂದು ಮಧ್ಯಾಹ್ನ ವಚನಗಳ ಪಾಠ ಆರಂಭಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತನು. ಮಸ್ಕಿಯ ಕಡೆಯ ಹಳ್ಳಿಯವನು. ದಿನವೂ ಬೆಳಗಿನ ಬಸ್ಸಿಗೆ ಬರುವವನು.

“ಸರ್ರ, ಈ ಪಾಠ ಮುಗಿಸೇ ಹೋಗ್ತೀರೇನ್ರಿ?”

ತರಗತಿ ನಗಲಿಲ್ಲ. ಅವನದು ಕುಚೋದ್ಯವೂ ಆಗಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು ಅರ್ಧವರ್ಷಕ್ಕೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಇಂಗ್ಲಿಷಿನ ಅಕ್ಕೋರು ಬಂದ ತಿಂಗಳಿಗೇ ಹೋಗಿದ್ದರು. ಅರ್ಧಕ್ಕೆ ನಿಂತ ಪಾಠಗಳೇ ಅವನ ವಿದ್ಯಾಭ್ಯಾಸವಾಗಿದ್ದಿತು. ನನ್ನ ಅರ್ಜಿಯೂ ಆಗ ಮೇಲಿನವರ ಕಚೇರಿಯಲ್ಲಿದ್ದಿತೆಂಬುದು ಅವನಿಗೆ ಹೇಗೆ ತಿಳಿಯಿತೋ! ಬೆಂಗಳೂರಿನಲ್ಲಿ ನಾವು ‘ಹೇಗೋ ವರ್ಷ ಕಳೆದು ಬಂದುಬಿಡಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನದ ಲೆಕ್ಕ ಯಾರ ಖಾತೆಗೆ ಬೀಳುತ್ತದೆಂಬುದು ಅಂದು ನನಗೆ ತಿಳಿಯಿತು.

ಸಂವಿಧಾನದ ೩೭೧ಜೆ ವಿಧಿ ೨೦೧೩ರಲ್ಲಿ ಜಾರಿಗೆ ಬಂದಂದಿನಿಂದ ಇಲ್ಲಿಯ ಹುದ್ದೆಗಳಲ್ಲಿ ಬಹುಪಾಲು ಸ್ಥಳೀಯರಿಗೆ ಮೀಸಲಾಗಿವೆ. ಅದು ನ್ಯಾಯವೇ. ಒಂದು ದಿನ ನಮ್ಮಂಥವರು ಇಲ್ಲಿಗೆ ಬರುವ ಅಗತ್ಯವೇ ಇಲ್ಲದಿರಬಹುದು. ಆ ದಿನ ಬೇಗ ಬರಲಿ. ಆದರೆ ಅಲ್ಲಿಯವರೆಗೆ ಬರುವವರು ಬಂದಷ್ಟು ದಿನವಾದರೂ ಬಂದವರಾಗಿಯೇ ಇರಬೇಕು.

ನಾನು ಕೊನೆಯವರೆಗೆ ಇಲ್ಲಿಯೇ ಇರುವೆನೆಂದು ಹೇಳಿದರೆ ಅದು ಪ್ರಾಮಾಣಿಕವಾಗದು. ಊರಿನಲ್ಲಿ ತಾಯಿತಂದೆಗಳಿಗೆ ವಯಸ್ಸಾಗಿದೆ. ಒಂದು ದಿನ ಹೋಗಬೇಕಾದೀತು. ಆದರೆ ಆ ಸಂಜೆ ಮನೆಗೆ ಹೋಗಿ ಏಣಿ ಹಾಕಿ ಅಟ್ಟದಿಂದ ಎರಡು ಪೆಟ್ಟಿಗೆಗಳನ್ನೂ ಇಳಿಸಿ ಹಗ್ಗ ಬಿಚ್ಚಿದೆ. ಒಂದರಲ್ಲಿ ಪುಸ್ತಕಗಳಿದ್ದವು. ಮೇಲ್ಭಾಗದ ಐದಾರನ್ನು ಗೆದ್ದಲು ತಿಂದಿದ್ದಿತು. ಉಳಿದವನ್ನು ಒಂದು ವಾರ ಬಿಸಿಲಿಗೆ ಒಣಗಿಸಿ, ಆ ಹುಡುಗನಿಗೂ ಅವನ ಸಂಗಡಿಗರಿಗೂ ಓದಲು ಕೊಟ್ಟೆ. ಪಾಠವನ್ನ ಮುಗಿಸಿದೆ. ಅವನು ಈಗ ಲಿಂಗಸುಗೂರು ತಾಲೂಕಿನ ಒಂದು ಸಾಲಿಯಲ್ಲಿ ಮಾಸ್ತರನಾಗಿದ್ದಾನೆ.

ಆದುದರಿಂದ, ಸಿಂಧನೂರಿಗೆ ವರ್ಗವಾದ ಮಹನೀಯರೇ, ನನ್ನ ಸಲಹೆಗಳಲ್ಲಿ ಮಿಕ್ಕವನ್ನು ಮರೆತರೂ ಚಿಂತೆಯಿಲ್ಲ. ಬಂದ ದಿನವೇ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಬಿಡಿ. ಆಮೇಲೆ ಪಕ್ಕದ ಮನೆಗೆ ಹೋಗಿ ಒಂದು ಕೊಡ ನೀರು ಕೇಳಿ. ನಿಮ್ಮ ತೊಟ್ಟಿ ತುಂಬಿದ್ದರೂ ಕೇಳಿ.